ವಿನಾಯಿತಿ ಎಂದರೆ ಪರೀಕ್ಷೆಯೇ ಇಲ್ಲವೆಂದೇ?

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದ್ದು, ವಿಮಾನಗಳ ಸದ್ದು ದಿನವೂ ಕೇಳಿಸುತ್ತದೆ. ವಿಮಾನ ನಿರ್ವಹಣೆಯ ತರಬೇತಿಯಲ್ಲಿರುವ ನನ್ನ ಮಗ, ಬೆಂಕಿ ನಂದಿಸುವ ಬಾಟಲಿಯಂಥ ಸುರಕ್ಷತಾ ಸಾಧನಗಳ ಪರೀಕ್ಷೆಯ ನಿಯಮದಿಂದಲೂ ವಿನಾಯಿತಿ ಕೇಳಲು ಅವಕಾಶವಿದೆ ಎಂದ. ಕೇಳಿದವರಿಗೆಲ್ಲ ಸಡಿಲಿಸುತ್ತ ಹೋದರೆ ನಿಯಮವಾದರೂ ಏಕೆ ಬೇಕು?

ಉತ್ತರ: ತಮ್ಮ ಮಗ ಹೇಳಿದ್ದು ಸರಿ. ನಮ್ಮ ದೇಶದ 1937ರ ವಿಮಾನ ನಿಯಮಾವಳಿಯ 160ನೆಯ ನಿಯಮವೇ, ಯಾವುದೇ ವಿಮಾನಕ್ಕೆ ಅಥವಾ ವ್ಯಕ್ತಿಗೆ ಷರತ್ತುಗಳೊಡನೆ ಲಿಖಿತ ಆದೇಶದ ಮೂಲಕ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಆದರೆ ವಿನಾಯಿತಿ ಸಿಗುವುದು ನಿಯಮ ಹೇಳಿದ ವಿಧಾನದಿಂದಲೇ ಹೊರತು, ಆ ನಿಯಮ ಕಾಪಾಡಲು ಹೊರಟ ಸುರಕ್ಷತೆಯಿಂದ ಅಲ್ಲ.

ತಾವು ಕೇಳಿದ ಬಾಟಲಿಯನ್ನೇ ತೆಗೆದುಕೊಳ್ಳೋಣ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ 'ಬಿ-27' ಎಂದು ಬರೆದಿದ್ದರೆ, 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದು ಮತ್ತೆ ಪರೀಕ್ಷೆಗೆ ಹೋಗಬೇಕು ಎಂದರ್ಥ. ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿದರೆ ನಂದಿಸಲು ಇಟ್ಟಿರುವ ಹ್ಯಾಲಾನ್ ಅನಿಲದ ಬಾಟಲಿಗೂ ಇಂಥದ್ದೇ ಗಡುವು ಇರುತ್ತದೆ. ಅಮೆರಿಕದ ಹಳೆಯ ನಿಯಮದ ಪ್ರಕಾರ ಅನಿಲವನ್ನು ಪೂರ್ತಿ ಖಾಲಿ ಮಾಡಿ, ಬಾಟಲಿಗೆ ನೀರು ತುಂಬಿ ಒತ್ತಡ ಏರಿಸಿ, ಅದು ಎಷ್ಟು ಹಿಗ್ಗಿತು, ಒತ್ತಡ ಇಳಿಸಿದ ಮೇಲೆ ಎಷ್ಟು ಹಿಗ್ಗು ಹಾಗೆಯೇ ಉಳಿಯಿತು ಎಂದು ಅಳೆಯಬೇಕಿತ್ತು. ಇದರಲ್ಲಿ ಎರಡು ತೊಡಕುಗಳಿದ್ದವು: ಒಳಗೆ ಉಳಿದ ತೇವ ಲೋಹಕ್ಕೆ ಹಾನಿ ಮಾಡುತ್ತಿತ್ತು, ಖಾಲಿ ಮಾಡುವಾಗ ಸೋರಿದ ಹ್ಯಾಲಾನ್ ಓಜೋನ್ ಪದರವನ್ನು ಕೆಡಿಸುತ್ತಿತ್ತು. ಮಾಂಟ್ರಿಯಲ್ ಒಪ್ಪಂದದಂತೆ 1994ರಿಂದ ಮುಂದುವರಿದ ದೇಶಗಳಲ್ಲಿ ಹೊಸ ಹ್ಯಾಲಾನ್ ತಯಾರಿಕೆಯೇ ನಿಂತಿದ್ದರಿಂದ, ಇದ್ದುದನ್ನು ಹೀಗೆ ಪೋಲು ಮಾಡುವುದೂ ಸಾಧ್ಯವಿರಲಿಲ್ಲ.

ಆಗ ವಿಮಾನೋದ್ಯಮ ಬೇರೊಂದು ಪರೀಕ್ಷೆಯನ್ನು ಮುಂದಿಟ್ಟು ವಿಶೇಷ ಅನುಮತಿ ಪಡೆಯಿತು. ಬಾಟಲಿಯನ್ನು ಖಾಲಿ ಮಾಡದೆ ಒಲೆಯಂಥ ಪೆಟ್ಟಿಗೆಯಲ್ಲಿಟ್ಟು ಬಿಸಿ ಮಾಡಿದರೆ ಒಳಗಿನ ಒತ್ತಡ ತಾನೇ ಏರುತ್ತದೆ; ಲೋಹದಲ್ಲಿ ಬಿರುಕು ಬೆಳೆಯುತ್ತಿದ್ದರೆ ಹೊರಡುವ ಅತಿಸೂಕ್ಷ್ಮ ಧ್ವನಿಯನ್ನು ಮೈಗೆ ಅಂಟಿಸಿದ ಸಂವೇದಕಗಳು ಹಿಡಿಯುತ್ತವೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ಬಾರಿಸಿ ಕೇಳುವುದು ನೆನಪಾಗಬಹುದು, ಆದರೆ ಇಲ್ಲಿ ಯಾರೂ ಬಾರಿಸುವುದಿಲ್ಲ, ಬಿರುಕೇ ತನ್ನ ಇರವನ್ನು ಹೇಳುತ್ತದೆ. ನೀರಿನ ಪರೀಕ್ಷೆಯಿಂದ ವಿನಾಯಿತಿ ಸಿಕ್ಕಿತು, ಬಾಟಲಿ ಮಾತ್ರ ಪರೀಕ್ಷೆಯಿಲ್ಲದೆ ವಿಮಾನ ಹತ್ತಲಿಲ್ಲ. ನನ್ನ ದೃಷ್ಟಿಯಲ್ಲಿ ಒಳ್ಳೆಯ ಅರ್ಜಿಯೆಂದರೆ ಇದು.

ಇಂಥ ಬಾಟಲಿಗಳ ನಿಯಮ ಅಮೆರಿಕದಲ್ಲಿ ಅಪಾಯಕಾರಿ ವಸ್ತುಗಳ ಸಾಗಣೆಯ ಇಲಾಖೆಗೆ ಸೇರಿದ್ದು. ಅಲ್ಲಿನ ವೈಮಾನಿಕ ನಿಯಮಗಳಿಂದ ವಿನಾಯಿತಿ ಕೇಳುವ ಅರ್ಜಿಯೂ ಅಷ್ಟೇ ಬಿಗಿಯಾದದ್ದು: ಸಾಮಾನ್ಯವಾಗಿ 120 ದಿನ ಮೊದಲೇ ಸಲ್ಲಿಸಬೇಕು, ಯಾವ ನಿಯಮದಿಂದ, ಎಷ್ಟರ ಮಟ್ಟಿಗೆ, ಏಕೆ ಬೇಕು ಎಂದು ಬರೆಯಬೇಕು, ಅದರಿಂದ ಜನರಿಗೇನು ಹಿತ, ಸುರಕ್ಷತೆ ಹೇಗೆ ಕುಂದುವುದಿಲ್ಲ ಎಂಬುದನ್ನು ತೋರಿಸಬೇಕು. ಹಿಂದೆ ಅಂಥದ್ದೇ ನಿದರ್ಶನವಿಲ್ಲದಿದ್ದರೆ ಸಾರಾಂಶವನ್ನು ರಾಜಪತ್ರದಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವುದು ವಾಡಿಕೆ. ಖರ್ಚು ಹೆಚ್ಚಾಗುತ್ತದೆ ಎಂಬ ಒಂದೇ ಕಾರಣ ಇಲ್ಲಿ ಸಾಲದು, ಏಕೆಂದರೆ ಅದು ಕಂಪನಿಯ ಹಿತವೇ ಹೊರತು ಪ್ರಯಾಣಿಕರದ್ದಲ್ಲ.

ತಮ್ಮ ಮಗನಿಗೆ ವಿನಾಯಿತಿ ಪತ್ರವೊಂದು ಓದಲು ಸಿಕ್ಕರೆ, ಮೊದಲ ಪುಟದ ಅನುಮತಿಗಿಂತ ಕೊನೆಯ ಪುಟಗಳ ಷರತ್ತುಗಳನ್ನು ನೋಡಲು ಹೇಳಿ. ಬದಲಿ ಪರೀಕ್ಷೆಯನ್ನು ಯಾರು ಮಾಡಬೇಕು, ದಾಖಲೆಯನ್ನು ಎಲ್ಲಿಡಬೇಕು, ಅನುಮತಿ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ.