ಜೊಳ್ಳು ಹಾರುತ್ತದೆ, ಕಾಳು ಉಳಿಯುತ್ತದೆ

ಕ್ಲಸ್ಟರ್ (ಗ್ಯಾಲಕ್ಸಿಗಳ ದೊಡ್ಡ ಗುಂಪು) ಒಳಗೆ ಬಿದ್ದ ಗ್ಯಾಲಕ್ಸಿಯ ಅನಿಲ ಮಾತ್ರ ಕಿತ್ತುಹೋಗುತ್ತದೆ, ನಕ್ಷತ್ರಗಳು ಯಾಕೆ ಉಳಿಯುತ್ತವೆ ಅಂತ ಕೇಳಿದ್ದೀರಿ.

ಊರಲ್ಲಿ ಜೋಳ ತೂರುವುದನ್ನು ನೋಡಿರುತ್ತೀರಿ. ಜೊಳ್ಳು ಹಾರುತ್ತದೆ, ಕಾಳು ಅಲ್ಲೇ ಬೀಳುತ್ತದೆ. ಇಲ್ಲೂ ಹಾಗೇ. ಕ್ಲಸ್ಟರ್ ತುಂಬ ಕೋಟಿಗಟ್ಟಲೆ ಡಿಗ್ರಿ ಬಿಸಿಯ ತೆಳು ಅನಿಲವಿದೆ. ಅದರೊಳಗೆ ಗ್ಯಾಲಕ್ಸಿ ಸೆಕೆಂಡಿಗೆ ಸುಮಾರು 1000 ಕಿ.ಮೀ. ವೇಗದಲ್ಲಿ ನುಗ್ಗುತ್ತದೆ. ಪುಣೆಯ ಕಾತ್ರಜ್ ಘಾಟಿನಲ್ಲಿ ಬೈಕ್ ಇಳಿಸುವಾಗ ಮರದ ಎಲೆ ಅಲುಗದಿದ್ದರೂ ನಮ್ಮ ಮುಖಕ್ಕೆ ಗಾಳಿ ಬಡಿಯುತ್ತದೆ, ಅಲ್ವಾ? ನುಗ್ಗುವ ಗ್ಯಾಲಕ್ಸಿಗೂ ಹಾಗೇ. ಅದರಲ್ಲಿ ಹರಡಿಕೊಂಡ ಅನಿಲ ಆ ಹೊಡೆತಕ್ಕೆ ಸಿಗುತ್ತದೆ. ನಕ್ಷತ್ರ ಒತ್ತಾಗಿ ಅಡಕವಾದ ಉಂಡೆ, ಅದಕ್ಕೇನೂ ಆಗುವುದಿಲ್ಲ. ಗನ್ ಮತ್ತು ಗಾಟ್ ಎಂಬ ಖಗೋಳವಿಜ್ಞಾನಿಗಳು 1972ರಲ್ಲೇ ಇದರ ಲೆಕ್ಕ ಕೊಟ್ಟಿದ್ದರು.

ನನಗೆ ಜಾಸ್ತಿ ಇಷ್ಟ ಅದರ ಬಾಲ. ಕಿತ್ತುಬಂದ ಅನಿಲ ಹಿಂದಕ್ಕೆ ಎಳೆಎಳೆಯಾಗಿ ಚಾಚುತ್ತದೆ. ಕೆಲವು ಕಡೆ ಅಲ್ಲೇ ತಣಿದು ಹೊಸ ನಕ್ಷತ್ರಗಳು ಹುಟ್ಟುತ್ತವೆ! ಏಬೆಲ್ 85 ಕ್ಲಸ್ಟರಿನ ಜೆಒ201 ಗ್ಯಾಲಕ್ಸಿಯಲ್ಲಿ ಅಂಥ ಹೊಸ ನಕ್ಷತ್ರಗಳ ಅತಿನೇರಳೆ ಬೆಳಕನ್ನು ನಮ್ಮ ಭಾರತದ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್ ಹಿಡಿದಿದೆ.

ನೀವೂ ಪುಣೆಯವರೇ ಅಂದಿರಿ. ನಾರಾಯಣಗಾಂವ್ ಹತ್ತಿರದ ಖೋಡದ್‌ಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯ 30 ಡಿಶ್‌ಗಳು, ಒಂದೊಂದೂ 45 ಮೀಟರ್ ಅಗಲ. ಗ್ಯಾಲಕ್ಸಿಗಳ ಹೈಡ್ರೋಜನ್ ಅನಿಲ ಕಳಿಸುವ ರೇಡಿಯೊ ಅಲೆಯನ್ನು ಅವು ಹಿಡಿಯುತ್ತವೆ.