ವಾಲ್ಟರ್ ಮೇಲೆ ಕನಿಕರ, ಸ್ಕೈಲರ್ ಮೇಲೆ ಸಿಟ್ಟು

ಅಮೆರಿಕದ ಟಿವಿ ಸರಣಿ ಬ್ರೇಕಿಂಗ್ ಬ್ಯಾಡ್ ನೋಡುವಾಗ, ಕ್ಯಾನ್ಸರ್ ಬಂದ ಮೇಲೆ ಮಾದಕವಸ್ತು ತಯಾರಿಸಲು ಇಳಿಯುವ ಮೇಷ್ಟ್ರು ವಾಲ್ಟರ್ ವೈಟ್ ಸಿಕ್ಕಿಬೀಳಬಾರದು ಅನಿಸುತ್ತದೆ, ಹೆಂಡತಿ ಸ್ಕೈಲರ್ ಕಂಡರೆ ಮೈ ಉರಿಯುತ್ತದೆ, ಇದು ತಪ್ಪಾ ಅಂತ ಕೇಳಿದ್ದೀರಿ. ಅನಿಸುವುದು ತಪ್ಪಲ್ಲ. ಮೊದಲ ಕಂತಿನಿಂದ ನಾವು ಅವನ ಜೊತೆಗೇ ಇದ್ದೇವೆ. ಕ್ಯಾನ್ಸರ್ ಸುದ್ದಿ, ಕಾರ್ ತೊಳೆಯುವ ಅವಮಾನ ಎಲ್ಲ ಕಣ್ಣಾರೆ ನೋಡಿದ್ದೇವೆ. ಹತ್ತಿರದಿಂದ ನೋಡಿದವರ ಮೇಲೆ ಕನಿಕರ ಹುಟ್ಟೇ ಹುಟ್ಟುತ್ತದೆ, ಅಲ್ವಾ?

ಆದರೆ ಕನಿಕರ ಬೇರೆ, ತೀರ್ಪು ಬೇರೆ. ಎರಡನೇ ಸೀಸನ್‌ನಲ್ಲಿ ಜೇನ್ ಸಾಯುವ ದೃಶ್ಯ ಮತ್ತೊಮ್ಮೆ ನೋಡಿ. ಅವಳು ವಾಲ್ಟರ್‌ನ ದಂಧೆಯ ಜೊತೆಗಾರ ಜೆಸ್ಸಿಯ ಗೆಳತಿ, ಇಬ್ಬರೂ ಡ್ರಗ್ಸ್ ಮತ್ತಿನಲ್ಲಿ ಮಲಗಿದ್ದಾರೆ. ಜೆಸ್ಸಿಯನ್ನು ಎಬ್ಬಿಸಲು ವಾಲ್ಟರ್ ಅಲುಗಾಡಿಸಿದಾಗಲೇ ಅವಳು ಅಂಗಾತ ಹೊರಳುವುದು. ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವನು ಅವಳ ಹತ್ತಿರ ಓಡುತ್ತಾನೆ, ಕೈ ಚಾಚುತ್ತಾನೆ, ಅಲ್ಲೇ ನಿಂತುಬಿಡುತ್ತಾನೆ. ಕಣ್ಣಲ್ಲಿ ನೀರಿದೆ, ಆದರೂ ಕೈ ಮುಂದೆ ಹೋಗುವುದಿಲ್ಲ. ನನಗೆ ಅವನ ಕೊಲೆಗಳಿಗಿಂತ ಜಾಸ್ತಿ ಕಾಡುವುದು ಇದೇ. ಆ ಕಣ್ಣೀರು ನಿಜ. ಅದರಿಂದ ಜೇನ್‌ಗೆ ಏನೂ ಉಪಯೋಗವಾಗಲಿಲ್ಲ.

ಈ ದಂಧೆಯನ್ನು ಅವನು ಮನೆಯವರಿಗಾಗಿ ಮಾಡಿದ ಅನ್ನುವ ಮಾತೂ ನಿಲ್ಲುವುದಿಲ್ಲ. ಮೊದಲ ಸೀಸನ್‌ನಲ್ಲೇ ಹಳೆಯ ಗೆಳೆಯ ಎಲಿಯಟ್ ಚಿಕಿತ್ಸೆಗೆ ನೆರವಾಗಲು ಮುಂದೆ ಬಂದಿದ್ದ. ಇವನೇ ಬೇಡ ಅಂದ.

ಸ್ಕೈಲರ್ ಕೂಡ ತಪ್ಪು ಮಾಡಿದ್ದಾಳೆ, ಕಪ್ಪು ಹಣ ಬಿಳಿ ಮಾಡಿದ್ದಾಳೆ. ಆದರೆ ಜನ ಅವಳನ್ನು ಬೈದದ್ದು ಅದಕ್ಕಲ್ಲ, ಗಂಡನಿಗೆ ಅಡ್ಡ ಬಂದದ್ದಕ್ಕೆ. ಪಾತ್ರ ಮಾಡಿದ ಆನಾ ಗನ್ ಅವರ ಮೇಲೂ ಆ ದ್ವೇಷ ತಿರುಗಿತು. 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವರೇ ಇದನ್ನು ಬರೆದಿದ್ದರು. ಇನ್ನೊಂದು ಸಲ ನೋಡುವಾಗ ಸುಮ್ನೆ ಅವಳಿಗೆ ಗೊತ್ತಿರುವಷ್ಟನ್ನೇ ತಲೆಯಲ್ಲಿಟ್ಟುಕೊಂಡು ನೋಡಿ. ಗಂಡ ರಾತ್ರಿ ಮನೆಗೆ ಬರುವುದಿಲ್ಲ, ಎರಡನೇ ಫೋನ್ ಇದೆ, ಕೇಳಿದರೆ ಸುಳ್ಳು. ಅವಳು ಬಸುರಿ ಬೇರೆ.