ಆ ಹಾಳೆಯಲ್ಲಿ ಊರಿಗೂ ಒಂದು ಸಾಲು ಬರೆಯಿರಿ

ಪ್ರಿಯ ತಮ್ಮನಿಗೆ,

ನೀವು ಕಾಸರಗೋಡಿನ ನೀರ್ಚಾಲಿನ ಕಡೆಯವರೆಂದೂ, ಕೆನಡಾದ ಬ್ರಾಂಪ್ಟನ್ನಿಗೆ ಬಂದು ಎರಡು ವರ್ಷ ತುಂಬುವಷ್ಟರಲ್ಲಿ ಮೂರು ಕ್ರೆಡಿಟ್ ಕಾರ್ಡುಗಳೂ ಮಿತಿಯೊಳಗೆ ಬೇಕಾದಾಗ ತೆಗೆಯಬಹುದಾದ ಬ್ಯಾಂಕಿನ ಸಾಲವಾದ ಲೈನ್ ಆಫ್ ಕ್ರೆಡಿಟ್ಟೂ ಸೇರಿ 34,000 ಡಾಲರ್ ಸಾಲವಾಗಿದೆಯೆಂದೂ, ಸಾಲದ ಒಂದು ಭಾಗವನ್ನು ಕಟ್ಟಿ ಉಳಿದದ್ದರಿಂದ ಬಿಡುಗಡೆ ಪಡೆಯುವ ಒಪ್ಪಂದವಾದ ಕನ್ಸ್ಯೂಮರ್ ಪ್ರಪೋಸಲ್‌ಗೆ ಸಹಿ ಹಾಕುವ ಮೊದಲು ಊರಿನವರೊಬ್ಬರಲ್ಲಿ ಕೇಳಬೇಕೆನಿಸಿತೆಂದೂ ಬರೆದಿದ್ದೀರಿ. ಕಂತು ಕಟ್ಟಿ ಉಳಿದದ್ದರಲ್ಲಿ ತಿಂಗಳು ಸಾಗಿಸುವುದು ಹೇಗೆ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಇಲ್ಲಿ ನೆಲೆಸುವುದಕ್ಕೆ ತೊಡಕಾದೀತೇ, ಊರಿನ ಶಿಕ್ಷಣ ಸಾಲ ಏನಾಗುತ್ತದೆ, ಮನೆಯಲ್ಲಿ ಹೇಳಬೇಕೇ ಎಂದೂ ಕೇಳಿದ್ದೀರಿ. ನಾನು 2012ರಲ್ಲಿ ಇದೇ ಕಾಗದಕ್ಕೆ ಸಹಿ ಹಾಕಿ 2017ರಲ್ಲಿ ಕೊನೆಯ ಕಂತು ಕಟ್ಟಿದವನು. ನಾನು ಪಟ್ಟದ್ದನ್ನು ನೀವೂ ಪಡಬಾರದೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಅರ್ಜಿ ಸಲ್ಲಿಸಿದ ದಿನದಿಂದ ಕಾರ್ಡುಗಳ ಬಡ್ಡಿ ನಿಲ್ಲುತ್ತದೆ, ವಸೂಲಿಯವರ ಫೋನೂ ನಿಲ್ಲುತ್ತದೆ. ಒಪ್ಪುವುದೋ ಬಿಡುವುದೋ ಎಂದು ತಿಳಿಸಲು ಸಾಲ ಕೊಟ್ಟವರಿಗೆ 45 ದಿನಗಳ ಅವಕಾಶವಿರುತ್ತದೆ. ಒಪ್ಪಿದರೆ ಸಾಲದ ಒಂದು ಭಾಗವನ್ನು ಹೆಚ್ಚೆಂದರೆ 5 ವರ್ಷಗಳೊಳಗೆ ಕಂತಿನಲ್ಲಿ ಕಟ್ಟಿ ಮುಗಿಸಬಹುದು. ತಿಂಗಳ ಕಂತಿನವರು ಮೂರು ಕಂತುಗಳಷ್ಟು ಬಾಕಿ ಬಿದ್ದರೆ ಒಪ್ಪಂದವೇ ರದ್ದಾಗುತ್ತದೆ. ಇದನ್ನು ಸಲ್ಲಿಸುವ ಅಧಿಕಾರವಿರುವುದು ಇಂಥ ಒಪ್ಪಂದಗಳನ್ನು ನಡೆಸಲು ಸರಕಾರದ ಪರವಾನಗಿ ಪಡೆದ ಲೈಸನ್ಸ್ಡ್ ಇನ್‌ಸಾಲ್ವೆನ್ಸಿ ಟ್ರಸ್ಟಿಗೆ ಮಾತ್ರ. ಅವರ ಶುಲ್ಕ ನೀವು ಕಟ್ಟುವ ಕಂತಿನೊಳಗಿಂದಲೇ ಹೋಗುವುದರಿಂದ, ಟ್ರಸ್ಟಿಯ ಬಳಿಗೆ ಕರೆದೊಯ್ಯುತ್ತೇನೆಂದು ಮುಂಗಡ ಹಣ ಕೇಳುವ ಸಲಹೆಗಾರರ ಬಾಗಿಲಿಗೆ ಹೋಗಬೇಡಿ. ಪ್ರಪೋಸಲ್ ಎಂದರೆ ದಿವಾಳಿಯಲ್ಲ. ದಿವಾಳಿಯಾಗಿ ಇನ್ನೂ ಬಿಡುಗಡೆ ಹೊಂದದವರು ಮನೆಯವರನ್ನು ಸ್ಪಾನ್ಸರ್ ಮಾಡುವಂತಿಲ್ಲ ಎಂಬ ನಿಯಮ ನಿಮಗೆ ಅನ್ವಯಿಸುವುದಿಲ್ಲ. ಇನ್ನೊಂದು ಮಾತು: ನೀವು ಸಾಲ ಮಾಡಿದ ಬ್ಯಾಂಕಿನಲ್ಲಿಯೇ ನಿಮ್ಮ ಸಂಬಳ ಬೀಳುತ್ತಿದ್ದರೆ, ಅರ್ಜಿಗಿಂತ ಮೊದಲೇ ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆಯಿರಿ. ಖಾತೆಯಲ್ಲಿರುವ ಹಣವನ್ನು ತಮ್ಮ ಬಾಕಿಗೆ ವಜಾ ಮಾಡಿಕೊಳ್ಳುವ ಹಕ್ಕು ಅವರಿಗಿರುತ್ತದೆ.

ನಾನು ಟೊರಾಂಟೊದಲ್ಲಿ ಇಳಿದದ್ದು 2007ರ ಡಿಸೆಂಬರಿನಲ್ಲಿ. ಮೊದಲ ಕಾರ್ಡು ಅಂಚೆಯಲ್ಲಿ ಬಂದಾಗ ನಾನು ಅದನ್ನು ನಮ್ಮೂರಿನ ಅಂಗಡಿಯ ಪುಸ್ತಕದಂತೆಯೇ ಎಂದು ತಿಳಿದೆ. ನಮ್ಮ ಮನೆಗಳ ರೀತಿ ನಿಮಗೆ ಗೊತ್ತೇ ಇದೆ. ಮಳೆಗಾಲವಿಡೀ ಅಂಗಡಿಯಲ್ಲಿ ಬರೆಸಿ ಸಾಮಾನು ತರುತ್ತಿದ್ದೆವು. ಅಡಿಕೆ ಮಾರಿದ ಮೇಲೆ ತಂದೆಯವರು ಸಹಕಾರಿ ಬ್ಯಾಂಕಿನ ಬೆಳೆಸಾಲ, ಅಂಗಡಿಯ ಬಾಕಿ, ಆಳುಗಳ ಸಂಬಳ ಎಂಬ ಕ್ರಮದಲ್ಲಿ ಎಲ್ಲವನ್ನೂ ತೀರಿಸುತ್ತಿದ್ದರು. ಅಂಗಡಿಯವರು ಬಡ್ಡಿ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಸಾಲವೆಂದರೆ ಬೆಳೆ ಬಂದಾಗ ಇಳಿಯುವ ಭಾರ ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ನನ್ನ ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 19.99 ಇತ್ತು. ಹತ್ತು ಸಾವಿರ ಡಾಲರ್ ಬಾಕಿಗೆ ತಿಂಗಳಿಗೆ ಸುಮಾರು 166 ಡಾಲರ್ ಬಡ್ಡಿಗೇ ಹೋಗುತ್ತದೆ ಎಂಬ ಸರಳ ಲೆಕ್ಕವನ್ನು ನಾನು ನಾಲ್ಕು ವರ್ಷ ಮಾಡಿ ನೋಡಲಿಲ್ಲ. ತಂಗಿಯ ಮದುವೆಗೆ, ಮನೆಯ ಮಾಡು ಬದಲಿಸುವುದಕ್ಕೆ, ಆಮೇಲೆ ಪ್ರತಿ ತಿಂಗಳೂ ಎಂಬಂತೆ ಊರಿಗೆ ಕಳಿಸುತ್ತಾ, ಇಲ್ಲಿಯ ಊಟ ಬಾಡಿಗೆಗಳನ್ನು ಕಾರ್ಡಿನಲ್ಲಿ ನಡೆಸುತ್ತಾ 2012ಕ್ಕೆ ಸಾಲ 41,000 ಡಾಲರ್ ಆಯಿತು.

ಟ್ರಸ್ಟಿಯವರು ಕೊಡುವ ಆದಾಯ–ವೆಚ್ಚದ ಹಾಳೆಯ ಬಗ್ಗೆ ನೀವು ಒಂದೇ ಸಾಲಿನಲ್ಲಿ ಕೇಳಿದ್ದೀರಿ. ನಾನು ನಿಮಗೆ ಹೇಳಬೇಕಾದದ್ದೆಲ್ಲ ಆ ಹಾಳೆಯ ಬಗ್ಗೆಯೇ ಇದೆ. ಬಾಡಿಗೆ, ಬಸ್ಸು, ಫೋನು, ಆಹಾರ, ಬಟ್ಟೆ, ಔಷಧ ಎಂದು ಅದರಲ್ಲಿ ಸಾಲುಗಳಿರುತ್ತವೆ. ಎಲ್ಲ ಖರ್ಚು ಕಳೆದು ಉಳಿಯುವ ಮೊತ್ತವನ್ನು ನೋಡಿಯೇ ತಿಂಗಳ ಕಂತು ಎಷ್ಟೆಂದು ಅವರು ಸೂಚಿಸುತ್ತಾರೆ. ನಾನು ಊರಿಗೆ ಕಳಿಸುತ್ತಿದ್ದ 250 ಡಾಲರನ್ನು ಅದರಲ್ಲಿ ಎಲ್ಲಿಯೂ ಬರೆಯಲಿಲ್ಲ. ಇಲ್ಲಿಯವರ ಸಾಲ ಬಾಕಿಯಿಟ್ಟುಕೊಂಡು ಅಲ್ಲಿಗೆ ಹಣ ಕಳಿಸುತ್ತಾನೆಂದು ಕೇಳಿಸಿಕೊಳ್ಳಬೇಕಾದೀತೆಂಬ ನಾಚಿಕೆ ಒಂದು ಕಡೆ; ಹೆತ್ತವರಿಗೆ ಕೊಡುವುದನ್ನು ಖರ್ಚಿನ ಪಟ್ಟಿಯಲ್ಲಿ ಬರೆಯುವುದೇ ಸರಿಯಲ್ಲವೆಂಬ ಭಾವನೆ ಇನ್ನೊಂದು ಕಡೆ. ಹಾಗಾಗಿ ನನ್ನ ಕೈಯಲ್ಲಿ ಉಳಿಯದಿದ್ದ ಹಣ ಕಾಗದದಲ್ಲಿ ಉಳಿದಂತೆ ಕಂಡಿತು. ತಿಂಗಳಿಗೆ 380 ಡಾಲರಿನಂತೆ 60 ಕಂತು, ಒಟ್ಟು 22,800 ಡಾಲರ್ ಎಂದು ನಿಗದಿಯಾಯಿತು. ನಾನು ಸಹಿ ಹಾಕಿದೆ. ಓದಿ ಅರ್ಥವಾಗದ ಮಲಯಾಳ ಭಾಷೆಯಲ್ಲಿ ಬಂದ ನೋಟೀಸುಗಳನ್ನು ಮೇಷ್ಟ್ರಲ್ಲಿ ಓದಿಸಿ, ಅವರು ತೋರಿಸಿದಲ್ಲಿ ಸಹಿ ಹಾಕುತ್ತಾ ಬೆಳೆದ ಕಾಸರಗೋಡಿನ ಕನ್ನಡಿಗರಿಗೆ ಕಾಗದದ ಎದುರು ಪ್ರಶ್ನೆ ಕೇಳುವ ಅಭ್ಯಾಸ ಕಡಿಮೆ. ನೀವು ಆ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಪ್ರಪೋಸಲ್ ಹಾಕಿದವರು ಎರಡು ಸಲ ಹಣಕಾಸಿನ ಕೌನ್ಸೆಲಿಂಗಿಗೆ ಹೋಗಬೇಕಾಗುತ್ತದೆ. ಎರಡನೆಯ ಸಲ ಹೋಗುವಾಗ ಒಂದು ತಿಂಗಳ ರಸೀದಿಗಳನ್ನೆಲ್ಲ ತರಲು ಹೇಳಿದ್ದರು. ಅಡಿಕೆ ಸುಲಿದಾದ ಮೇಲೆ ತಂದೆಯವರು ಚಾಲಿ, ಪಟೋರ, ಕರಿಗೋಟು ಎಂದು ಬೇರೆ ಬೇರೆ ರಾಶಿ ಮಾಡುತ್ತಿದ್ದಂತೆ ಕೌನ್ಸೆಲಿಂಗ್ ಮಾಡುವ ಹೆಂಗಸು ನನ್ನ ರಸೀದಿಗಳನ್ನು ಮೇಜಿನ ಮೇಲೆ ಗುಂಪು ಗುಂಪಾಗಿ ಇಟ್ಟರು. ಕೊನೆಗೆ ಯಾವ ಗುಂಪಿಗೂ ಸೇರದ ಒಂದು ಚೀಟಿ ಉಳಿಯಿತು, ಹಣ ರವಾನೆಯ ಅಂಗಡಿಯದು. ಇದು ಪ್ರತಿ ತಿಂಗಳಿನದೇ ಎಂದು ಕೇಳಿದರು. ಇಲ್ಲ, ಹಬ್ಬಕ್ಕೆಂದು ಒಮ್ಮೆ ಕಳಿಸಿದ್ದು ಎಂದು ನಾನು ಹೇಳಿದೆ. ಅವರು ಚೀಟಿಯನ್ನು ನನ್ನ ಕಡೆಗೆ ಸರಿಸಿದರು. ಅಂದು ನಿಜ ಹೇಳಿದ್ದರೆ, ತಿದ್ದುಪಡಿ ಮಾಡಿದ ಪ್ರಸ್ತಾವವನ್ನು ಟ್ರಸ್ಟಿಯವರು ಮತ್ತೆ ಸಾಲ ಕೊಟ್ಟವರ ಮುಂದಿಡಬಹುದಾಗಿತ್ತು. ಅಂಥ ದಾರಿ ಇದೆ. ಅವರು ಒಪ್ಪುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ.

ಮುಂದಿನ ಚಳಿಗಾಲದಲ್ಲಿ ಗೋದಾಮಿನಲ್ಲಿ ಕೆಲಸದ ಗಂಟೆ ಕಡಿಮೆಯಾಗಿ ಎರಡು ಕಂತು ತಪ್ಪಿತು. ಆ ಬಾಕಿಯನ್ನು ತುಂಬಿಸಲಾಗದೆ ಹಾಗೆಯೇ ಎಳೆದುಕೊಂಡು ಹೋಗುತ್ತಿದ್ದೆ. 2014ರ ಜುಲೈಯಲ್ಲಿ, ಆಟಿ ತಿಂಗಳ ಮಳೆಯಲ್ಲಿ, ತಂದೆಯವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೇವೆಂದು ತಂಗಿ ಫೋನು ಮಾಡಿದಳು. ವಿಮಾನದ ಟಿಕೆಟ್ಟು 1,800 ಡಾಲರಿಗಿಂತ ಮೇಲಿತ್ತು. ಊರಿಗೆ ಹೋಗಬಾರದೆಂದು ಪ್ರಪೋಸಲ್ಲಿನಲ್ಲಿ ಯಾವ ನಿರ್ಬಂಧವೂ ಇಲ್ಲ. ಆದರೆ ಆ ಹಣ ಎತ್ತಿಟ್ಟರೆ ಮೂರನೆಯ ಕಂತು ತಪ್ಪುತ್ತಿತ್ತು, ಒಪ್ಪಂದ ಮುರಿಯುತ್ತಿತ್ತು, ನಿಂತಿದ್ದ ಸಾಲವೆಲ್ಲ ಮತ್ತೆ ಎದ್ದು ಬರುತ್ತಿತ್ತು. ಇಂದು ಸುಧಾರಿಸಬಹುದು, ನಾಳೆ ಸುಧಾರಿಸಬಹುದು ಎಂದು ಹತ್ತೊಂಬತ್ತು ದಿನ ಕಾದೆ. ತಂದೆಯವರು ಹೋದರು. ಉತ್ತರಕ್ರಿಯೆಯ ದಿನ ತಂಗಿ ಫೋನನ್ನು ಜಗಲಿಯಲ್ಲಿಟ್ಟಿದ್ದಳು. ಅಂಗಳಕ್ಕೆ ಹಾಕಿದ್ದ ಟಾರ್ಪಾಲಿನ ಮೇಲೆ ಮಳೆ ಹೊಯ್ಯುವ ಸದ್ದಿನಲ್ಲಿ ಮಂತ್ರವೂ ಸರಿಯಾಗಿ ಕೇಳಿಸಲಿಲ್ಲ.

ಮಾರನೆಯ ವರ್ಷ ಊರಿಗೆ ಹೋದಾಗ ತಂದೆಯವರ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದೆ. ನಾನು ಕಳಿಸಿದ ಹಣವನ್ನು ಅವರು ತೋಟದ ಉತ್ಪತ್ತಿಯೊಡನೆ ಸೇರಿಸಿರಲಿಲ್ಲ. ‘ಮಗನ ಬಾಬ್ತು’ ಎಂದು ಬೇರೆಯೇ ಪುಟ ಮಾಡಿ, ಬಂದ ತಾರೀಕು, ಮೊತ್ತ, ಯಾವುದಕ್ಕೆ ಖರ್ಚಾಯಿತೆಂಬುದನ್ನೆಲ್ಲ ಬರೆದಿದ್ದರು. ಕೊನೆಯ ಎರಡು ವರ್ಷದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗದೆ ಉಳಿದಿತ್ತು. ಕಷ್ಟದಲ್ಲಿದ್ದೇನೆಂದು ಒಂದು ಮಾತು ಹೇಳಿದ್ದರೆ ಕಳಿಸುವುದೇ ಬೇಡವೆನ್ನುತ್ತಿದ್ದರಲ್ಲ ಎಂದು ಅಮ್ಮ ಹೇಳಿದರು. ಮನೆಯಲ್ಲಿ ಹೇಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ನಿಮ್ಮ ಶಿಕ್ಷಣ ಸಾಲಕ್ಕೆ ನಿಮ್ಮ ತಂದೆಯವರೂ ಸಹಿ ಹಾಕಿದ್ದಾರೆ, ತೋಟದ ಜಾಗ ಅಡವಿನಲ್ಲಿದೆ ಎಂದು ಬರೆದಿದ್ದೀರಿ. ಇಲ್ಲಿಯ ಪ್ರಪೋಸಲ್ ನಿಮ್ಮನ್ನು ಕಾಯುತ್ತದೆಯೇ ಹೊರತು ನಿಮ್ಮೊಡನೆ ಸಹಿ ಹಾಕಿದವರನ್ನು ಕಾಯುವುದಿಲ್ಲ, ಆ ಅಡವನ್ನು ಬಿಡಿಸುವುದೂ ಇಲ್ಲ. ಆದ್ದರಿಂದ ಆ ಸಾಲವನ್ನು ಟ್ರಸ್ಟಿಯವರಿಗೆ ಮೊದಲ ದಿನವೇ ತಿಳಿಸಿ, ಅದರ ಕಂತನ್ನು ಏನು ಮಾಡಬೇಕೆಂದು ಅವರಿಂದಲೇ ಕೇಳಿ ತಿಳಿದುಕೊಳ್ಳಿ.

ತಿಂಗಳು ಸಾಗಿಸುವ ವಿಷಯದಲ್ಲಿ ನನಗೆ ನಿಜವಾಗಿ ನೆರವಾದದ್ದು ಒಂದು ಕ್ಯಾಲೆಂಡರು. ನಿಮಗೂ ಹದಿನೈದು ದಿನಕ್ಕೊಮ್ಮೆ ಎಂಬಂತೆ ಸಂಬಳವಾಗುತ್ತಿರಬಹುದು. ಲೆಕ್ಕ ಹಾಕಿದರೆ ಅದು ಎರಡು ವಾರಕ್ಕೊಮ್ಮೆ, ಅಂದರೆ ವರ್ಷಕ್ಕೆ 24 ಸಲ ಅಲ್ಲ, 26 ಸಲ. ಸಾಮಾನ್ಯವಾಗಿ ಎರಡು ತಿಂಗಳುಗಳಲ್ಲಿ ಮೂರು ಸಂಬಳ ಬರುತ್ತದೆ. ಬಾಡಿಗೆ, ಕಂತು, ಫೋನುಗಳನ್ನೆಲ್ಲ ತಿಂಗಳಿಗೆ ಎರಡೇ ಸಂಬಳದೊಳಗೆ ಮುಗಿಯುವಂತೆ ಹೊಂದಿಸಿ, ಆ ಎರಡು ಹೆಚ್ಚಿನ ಸಂಬಳದ ತಾರೀಕುಗಳಿಗೆ ಜನವರಿಯಲ್ಲಿಯೇ ಗುರುತು ಹಾಕಿ. ನಮ್ಮವರಿಗೆ ಅಡಿಕೆ ಮಾರಿದ ದಿನ ಹೇಗೋ ನಿಮಗೆ ಆ ದಿನಗಳು ಹಾಗೆ. ಅದರಲ್ಲಿ ಮೊದಲನೆಯದನ್ನು ಊರಿನ ಟಿಕೆಟ್ಟಿಗೆಂದು ಬೇರೆ ಖಾತೆಯಲ್ಲಿಟ್ಟು, ಏನೇ ಬಂದರೂ ಮುಟ್ಟಬೇಡಿ. 2015ರ ನಂತರ ನಾನು ಹಾಗೆಯೇ ಮಾಡುತ್ತಾ ಬಂದಿದ್ದೇನೆ. ದಿನಸಿ, ಬಟ್ಟೆಗಳ ವಿಷಯವನ್ನು ನಿಮ್ಮ ಜೊತೆಯ ಹುಡುಗರೇ ನನಗಿಂತ ಚೆನ್ನಾಗಿ ಹೇಳಿಯಾರು. ಚಳಿಯ ಜಾಕೆಟ್ಟಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ನಿಮಗೆ ಆ ಹಾಳೆ ಬರುವ ವಾರ ಸಿಗುತ್ತದೆಯೆಂದಿದ್ದೀರಿ. ಅದರಲ್ಲಿ ಊರಿಗೆಂದು ಮುದ್ರಿತ ಸಾಲು ಇಲ್ಲದಿದ್ದರೆ ಕೈಯಲ್ಲಿ ಬರೆದು ಸೇರಿಸಿ. ಎಷ್ಟು ಕಳಿಸಬಹುದೆಂಬುದನ್ನು ನಿಮ್ಮ ತಂದೆಯವರೊಡನೆ ಮಾತನಾಡಿಯೇ ತುಂಬಿಸಿ. ಅವರು ಏನೂ ಬೇಡವೆಂದರೆ ಸೊನ್ನೆಯೆಂದೇ ಬರೆಯಿರಿ, ಸಾಲನ್ನು ಮಾತ್ರ ಬಿಡಬೇಡಿ. ಸಹಿ ಹಾಕುವ ಮೊದಲು ಫೋನಿನಲ್ಲಿ ನನಗೊಮ್ಮೆ ಓದಿ ಹೇಳಿ. ಭಾನುವಾರ ಮಧ್ಯಾಹ್ನದ ಊಟದ ನಂತರ ನಾನು ಮನೆಯಲ್ಲಿಯೇ ಇರುತ್ತೇನೆ.